ಟಿವ್ ವಂಶಾವಳಿಯನ್ನು ಗ್ರಾಫ್‌ಗೆ ಇಳಿಸುವುದು ಹೇಗೆ: ಸಮಗ್ರ ಮಾರ್ಗದರ್ಶಿ

ನೈಜೀರಿಯಾದ ಟಿವ್ ಜನರಲ್ಲಿ ಒಬ್ಬನನ್ನು "ನೀನು ಯಾರ ಪೈಕಿ?" ಅಂತ ಕೇಳಿದರೆ, ಉತ್ತರ ಕೇಳಿದವರ ಮೇಲೆ ನಿಂತಿರುತ್ತದೆ. ಪಕ್ಕದ ಹಟ್ಟಿಯವನು ಕೇಳಿದರೆ ಅಜ್ಜನದೋ ಮುತ್ತಜ್ಜನದೋ ಹೆಸರು ಬರುತ್ತದೆ. ನಾಲ್ಕು ಊರಾಚೆಯವನು ಕೇಳಿದರೆ ಇನ್ನೂ ಮೇಲಿನ ಪೂರ್ವಜನ ಹೆಸರು. ಬಹಳ ದೂರದ ಟಿವ್ ಕೇಳಿದರೆ ಇಪುಸು ಅಥವಾ ಇಚೊಂಗೊ, ಅಂದರೆ ಇಡೀ ಜನಾಂಗದ ಎರಡು ದೊಡ್ಡ ಕವಲುಗಳಲ್ಲಿ ಒಂದು. ಹೊರಗಿನವರು ಕೇಳಿದರೆ ಸುಮ್ನೆ ಟಿವ್. ಎಲ್ಲ ಉತ್ತರವೂ ಸರಿಯೇ.

ನಾವು ಬಳಸುವ ವಂಶವೃಕ್ಷದ ಆಪ್‌ಗಳು ಇಲ್ಲೇ ಎಡವುತ್ತವೆ. ಅವುಗಳಲ್ಲಿ ಒಬ್ಬರಿಗೆ ಒಂದು ಮನೆತನದ ಹೆಸರು, ಒಂದು ಕಾಲಂ, ಮುಗಿಯಿತು. ನಮ್ಮ ಗೋತ್ರವೋ ಬೆಡಗೋ ಆಗಿದ್ದರೆ ಅಷ್ಟೇ ಸಾಕಾಗುತ್ತಿತ್ತು. ಇಬ್ಬರದೂ ಒಂದೇನಾ, ಬೇರೇನಾ ಅಂತ ನೋಡಿದರೆ ಆಯಿತು. ಟಿವ್ ಲೆಕ್ಕದಲ್ಲಿ "ಒಂದೇ" ಅನ್ನುವುದಕ್ಕೆ ಮೆಟ್ಟಿಲುಗಳಿವೆ. ಇಬ್ಬರು ಒಂದು ಮೆಟ್ಟಿಲಲ್ಲಿ ಬೇರೆ, ಮೇಲಿನ ಮೆಟ್ಟಿಲಲ್ಲಿ ಒಂದು. ಆ ಮೆಟ್ಟಿಲನ್ನು ಹುಡುಕುವ ಕೆಲಸಕ್ಕೆ ಗ್ರಾಫ್ ಥಿಯರಿ ಹೇಳಿ ಮಾಡಿಸಿದಂತಿದೆ.

ಈ ಮಾರ್ಗದರ್ಶಿ ಓದಲು ಶಾಲೆಯ ಗಣಿತ ಸಾಕು. ಮಾಡಿ ನೋಡಲು ಒಂದು ಸ್ಪ್ರೆಡ್‌ಶೀಟ್ ಬೇಕು. ಪೈಥಾನ್ ಗೊತ್ತಿದ್ದರೆ ನೆಟ್‌ವರ್ಕ್‌ಎಕ್ಸ್ ಅನ್ನುವ ಲೈಬ್ರರಿ ಅರ್ಧ ಕೆಲಸ ಉಳಿಸುತ್ತದೆ.

ಮೊದಲು ಜನರ ಬಗ್ಗೆ ಒಂದಿಷ್ಟು

ಟಿವ್ ಜನ ಇರುವುದು ನೈಜೀರಿಯಾದ ನಡುಭಾಗದಲ್ಲಿ, ಬೆನ್ಯೂ ನದಿಯ ಎರಡೂ ದಂಡೆಗಳಲ್ಲಿ. ಬಹುಪಾಲು 1976ರಲ್ಲಿ ಹುಟ್ಟಿದ ಬೆನ್ಯೂ ರಾಜ್ಯದಲ್ಲಿದ್ದಾರೆ. ತರಾಬಾ, ನಸರಾವಾ ರಾಜ್ಯಗಳಲ್ಲೂ, ಗಡಿಯಾಚೆ ಕ್ಯಾಮರೂನ್‌ನಲ್ಲೂ ಇದ್ದಾರೆ. ಯಾಮ್ ಗೆಡ್ಡೆ ಅವರ ಮುಖ್ಯ ಬೆಳೆ. ಗ್ಬೊಕೊ ಪಟ್ಟಣದಲ್ಲಿ ಈಗ ಟೊರ್ ಟಿವ್ ಎಂಬ ಅರಸನ ಪೀಠ ಇದೆ. ಆದರೆ ಆ ಪೀಠವನ್ನು ಬ್ರಿಟಿಷರು ತಂದದ್ದು 1940ರ ದಶಕದಲ್ಲಿ. ಅದಕ್ಕೂ ಮುಂಚೆ ಇಡೀ ಟಿವ್ ನಾಡಿಗೆ ಒಬ್ಬ ರಾಜ ಇರಲಿಲ್ಲ. ಲಕ್ಷಗಟ್ಟಲೆ ಜನ, ಜಮೀನು, ಜಗಳ, ಮದುವೆ ಎಲ್ಲ ನಡೆಯುತ್ತಿದ್ದದ್ದು "ಯಾರಿಗೆ ಯಾರು ಹತ್ತಿರ" ಅನ್ನುವ ಲೆಕ್ಕದ ಮೇಲೆ.

ಈ ಲೆಕ್ಕವನ್ನು ವಿವರವಾಗಿ ಬರೆದಿಟ್ಟವರು ಪಾಲ್ ಬೊಹಾನನ್ ಮತ್ತು ಲಾರಾ ಬೊಹಾನನ್ ಎಂಬ ಮಾನವಶಾಸ್ತ್ರಜ್ಞ ದಂಪತಿ. ಅವರು 1949ರಿಂದ 1953ರ ನಡುವೆ ಅಲ್ಲಿದ್ದರು. ಆಗ ಹಿರಿಯರು ತಮ್ಮಿಂದ ಶುರುಮಾಡಿ ಟಿವ್ ಎಂಬ ಮೂಲಪುರುಷನವರೆಗೆ ಹದಿನಾಲ್ಕರಿಂದ ಹದಿನೇಳು ತಲೆಮಾರು ಹೇಳುತ್ತಿದ್ದರು. ಟಿವ್‌ಗೆ ಇಬ್ಬರು ಮಕ್ಕಳು, ಇಪುಸು ಮತ್ತು ಇಚೊಂಗೊ. ಅಲ್ಲಿಂದ ಕವಲು, ಕವಲಿನ ಕವಲು.

ನಾಲ್ಕು ಪದ ಗೊತ್ತಿದ್ದರೆ ಮುಂದಿನದು ಸಲೀಸು. ನೊಂಗೊ ಅಂದರೆ ಒಬ್ಬ ಪೂರ್ವಜನಿಂದ ಇಳಿದ ವಂಶದ ಎಳೆ. ಇತ್ಯೊ ಅಂದರೆ ಒಬ್ಬ ವ್ಯಕ್ತಿಯ ಕಡೆಯಿಂದ ನೋಡಿದಾಗ ಅವನ ತಂದೆಯ ಕಡೆಯ ಬಳಗ. ಇಗ್ಬಾ ಅಂದರೆ ತಾಯಿಯ ತವರಿನ ಬಳಗ. ತಾರ್ ಅಂದರೆ ಒಂದು ವಂಶ ಕೂತಿರುವ ನೆಲ, ಅದರ ಜನರ ಸಮೇತ.

ಪ್ರಶ್ನೆ ಯಾವುದು ಅಂತ ಮೊದಲೇ ಬರೆದಿಡಿ

ಕಂಪ್ಯೂಟರ್ ತೆರೆಯುವ ಮುಂಚೆ ಒಂದು ಸಾಲು ಬರೆಯಿರಿ: ನನಗೆ ಏನು ಗೊತ್ತಾಗಬೇಕು? ಜಗಳ ಬಂದಾಗ ಯಾರು ಯಾರ ಜೊತೆ ನಿಲ್ಲುತ್ತಾರೆ ಅನ್ನುವುದಾದರೆ ತಂದೆ–ಮಕ್ಕಳ ಬಾಣಗಳು ಸಾಕು. ಮದುವೆ ಆಗಬಹುದೇ ಅನ್ನುವುದಾದರೆ ತಾಯಂದಿರೂ ಬೇಕು. ನೆಲ ಯಾರದು ಅನ್ನುವುದಾದರೆ ಗಡಿಯ ಗ್ರಾಫ್ ಬೇರೆಯೇ ಬೇಕು. ಮೂರನ್ನೂ ಒಂದೇ ಚಿತ್ರಕ್ಕೆ ತುರುಕಿದರೆ ಯಾವ ಪ್ರಶ್ನೆಗೂ ಉತ್ತರ ಸಿಗದ ಬಲೆಯೊಂದು ಸಿಗುತ್ತದೆ, ಅಷ್ಟೇ.

ಹೆಜ್ಜೆ 1: ಬಿಂದು ಯಾವುದು?

ಗ್ರಾಫ್ ಅಂದರೆ ಬಿಂದುಗಳು ಮತ್ತು ಅವನ್ನು ಜೋಡಿಸುವ ಗೆರೆಗಳು. ಗೆರೆಗೆ ದಿಕ್ಕು ಇದ್ದರೆ ಬಾಣ. ಇಲ್ಲಿ ಬಿಂದು ಅಂದರೆ ಮನುಷ್ಯ ಅಂತ ಥಟ್ಟನೆ ಅನ್ನಿಸುತ್ತದೆ. ಆದರೆ ಟಿವ್ ಹೆಸರುಗಳನ್ನು ನೋಡಿ. ಎಂಬಾಡುಕು ಅಂದರೆ ಡುಕುವಿನ ಜನ. ಡುಕು ಒಬ್ಬ ಪೂರ್ವಜ, ಎಂಬಾಡುಕು ಒಂದು ವಂಶ. ಮಾತಿನಲ್ಲಿ ಎಷ್ಟೋ ಸಲ ಒಂದೇ ಹೆಸರು ಮನುಷ್ಯನಿಗೂ ವಂಶಕ್ಕೂ ಅವರು ಕೂತ ನೆಲಕ್ಕೂ ಓಡಾಡುತ್ತದೆ.

ಹಾಗಾಗಿ ಬಿಂದುಗಳನ್ನು ಮೂರು ಬಗೆ ಮಾಡಿ: ವ್ಯಕ್ತಿ, ನೊಂಗೊ, ತಾರ್. ಡುಕು ಎಂಬ ವ್ಯಕ್ತಿಬಿಂದುವಿನಿಂದ ಎಂಬಾಡುಕು ಎಂಬ ನೊಂಗೊಬಿಂದುವಿಗೆ "ಮೂಲಪುರುಷ" ಎಂಬ ಬಾಣ ಎಳೆಯಿರಿ. ಆ ನೊಂಗೊವಿನಿಂದ ಅದರ ನೆಲಕ್ಕೆ "ಕೂತಿದೆ" ಎಂಬ ಬಾಣ. ಶುರುವಿನಲ್ಲಿ ಇದು ಜಾಸ್ತಿ ಕೆಲಸ ಅನ್ನಿಸುತ್ತದೆ. ಆದರೆ ವಂಶವೊಂದು ಎದ್ದು ಬೇರೆ ಕಡೆ ಹೋದಾಗ ಒಂದು ಬಾಣ ಬದಲಿಸಿದರೆ ಸಾಕು, ಇಡೀ ಮರ ಅಲುಗುವುದಿಲ್ಲ.

ಹೆಸರನ್ನೇ ಗುರುತಾಗಿ ಬಳಸಬೇಡಿ. ಪ್ರತಿ ಬಿಂದುವಿಗೂ ಒಂದು ಸಂಖ್ಯೆ ಕೊಡಿ, ಹೆಸರು ಪಕ್ಕದ ಕಾಲಂನಲ್ಲಿ ಇರಲಿ. ಒಂದೇ ಹೆಸರಿನ ಪೂರ್ವಜರು ಎರಡು ಕವಲುಗಳಲ್ಲಿ ಸಿಗುತ್ತಾರೆ. ಒಬ್ಬನಿಗೇ ಎರಡು ಹೆಸರೂ ಇರುತ್ತವೆ.

ಹೆಜ್ಜೆ 2: ಬಾಣಕ್ಕೆ ಬಾಯಿ ಕೊಡಿ

ಇದು ಇಡೀ ಕೆಲಸದ ಮುಖ್ಯ ಹೆಜ್ಜೆ. ಬಾಣ ಅಂದರೆ ಸತ್ಯ ಅಲ್ಲ, ಯಾರೋ ಹೇಳಿದ ಮಾತು. ಅದನ್ನು ಹಾಗೇ ದಾಖಲಿಸಿ. ಯಾಕೆ ಅನ್ನುವುದಕ್ಕೆ ಟಿವ್ ನಾಡಿನದೇ ಒಂದು ಹಳೆಯ ಪ್ರಸಂಗ ಇದೆ.

ಬ್ರಿಟಿಷ್ ಅಧಿಕಾರಿಗಳಿಗೆ ಇಲ್ಲಿ ಆಡಳಿತ ನಡೆಸುವುದು ತಲೆನೋವಾಗಿತ್ತು. ಮಾತಾಡಲು ಒಬ್ಬ ರಾಜ ಇಲ್ಲ. ಎಲ್ಲಕ್ಕೂ ಜನ ವಂಶಾವಳಿಯನ್ನೇ ತೋರಿಸುತ್ತಾರೆ. ಸರಿ, ಅದನ್ನೇ ಬರೆದಿಟ್ಟುಕೊಂಡರೆ ಆಯಿತಲ್ಲ ಅಂತ ಉದ್ದುದ್ದ ಪಟ್ಟಿ ಬರೆದುಕೊಂಡರು. ದಶಕಗಳು ಕಳೆದವು. ಬೊಹಾನನ್ ದಂಪತಿ ಬರುವ ಹೊತ್ತಿಗೂ ಆ ಪಟ್ಟಿಗಳು ಬಳಕೆಯಲ್ಲಿದ್ದವು. ಆದರೆ ಟಿವ್ ಜನ "ಪಟ್ಟಿ ತಪ್ಪು" ಅನ್ನುತ್ತಿದ್ದರು, ಅಧಿಕಾರಿಗಳು "ನಿಮ್ಮವರೇ ಬರೆಸಿದ್ದು" ಅನ್ನುತ್ತಿದ್ದರು. ಯಾರೂ ಸುಳ್ಳು ಹೇಳುತ್ತಿರಲಿಲ್ಲ. ನಡುವೆ ಕಾಲ ಸರಿದಿತ್ತು. ಕೆಲವು ಕವಲು ಬೆಳೆದಿದ್ದವು, ಕೆಲವು ಸೊರಗಿದ್ದವು. ಯಾರ ಪಕ್ಕದಲ್ಲಿ ಯಾರು ಇದ್ದಾರೆ ಅನ್ನುವುದೂ ಬದಲಾಗಿತ್ತು. ಬಾಯಲ್ಲಿದ್ದ ವಂಶಾವಳಿ ಬದುಕಿನ ಜೊತೆ ತಾನೂ ಸರಿದುಕೊಂಡಿತ್ತು, ಕಾಗದದ್ದು ಇದ್ದಲ್ಲೇ ನಿಂತಿತ್ತು. ಲಾರಾ ಬೊಹಾನನ್ 1952ರಲ್ಲಿ ಇದರ ಬಗ್ಗೆಯೇ ಬರೆದರು. ವಂಶಾವಳಿ ಅನ್ನುವುದು ಹಳೆಯ ಇತಿಹಾಸದ ಪ್ರತಿ ಅಲ್ಲ, ಇವತ್ತಿನ ಸಂಬಂಧಗಳಿಗೆ ಕೊಟ್ಟ ಸನದು ಅನ್ನುವುದು ಅವರ ವಾದ.

ಈಗ ನೀವು ಎಕ್ಸೆಲ್‌ನಲ್ಲಿ ಒಂದೇ ಒಂದು "ಸರಿಯಾದ" ಮರ ಮಾಡಿದರೆ ಆ ಅಧಿಕಾರಿಗಳ ಕೆಲಸವನ್ನೇ ಮಾಡಿದಂತೆ, ಅಲ್ವಾ? ಅದಕ್ಕೇ ಬಾಣಗಳ ಪಟ್ಟಿಯಲ್ಲಿ ಇಷ್ಟು ಕಾಲಂ ಇರಲಿ:

ಯಾರಿಂದ | ಯಾರಿಗೆ | ಬಗೆ | ಹೇಳಿದವರು | ವರ್ಷ | ಸಂದರ್ಭ
12 | 31 | ತಂದೆ | ಹಿರಿಯ–1 | 1950 | ಜಮೀನು ಮಾತುಕತೆ
12 | 31 | ಪೂರ್ವಜ | ಹಿರಿಯ–2 | 1950 | ಮದುವೆ ಮಾತುಕತೆ
14 | 31 | ತಂದೆ | ಹಳೆಯ ಪಟ್ಟಿ | 1920 | ಆಡಳಿತ

(ಸಾಲುಗಳು ಬರೀ ನಮೂನೆ.) 31ಕ್ಕೆ ಇಬ್ಬರು ತಂದೆಯರು ಕಾಣುತ್ತಿದ್ದಾರೆ. ಪರವಾಗಿಲ್ಲ, ಅಳಿಸಬೇಡಿ. ಸಂದರ್ಭ ಅನ್ನುವ ಕಾಲಂ ಬಿಡಲೇಬೇಡಿ. ಜಮೀನಿನ ಮಾತು ನಡೆಯುವಾಗ ಹೇಳುವ ವಂಶಾವಳಿಗೂ ಮದುವೆಯ ಮಾತಿನಲ್ಲಿ ಹೇಳುವುದಕ್ಕೂ ವ್ಯತ್ಯಾಸ ಇರಬಹುದು.

ಎರಡನೇ ಸಾಲಿನ "ಪೂರ್ವಜ" ಎಂಬ ಬಗೆ ಗಮನಿಸಿ. ಟಿವ್ ಮಾತಿನಲ್ಲಿ ತಂದೆ ಅನ್ನುವುದು ಹೆತ್ತವನಿಗೆ ಮಾತ್ರ ಅಲ್ಲ, ಗಂಡು ಎಳೆಯಲ್ಲಿ ಮೇಲಿರುವ ಯಾವ ಹಿರಿಯನಿಗೂ ಹೊಂದುತ್ತದೆ. ಹಾಗಾಗಿ "ಇಂಥವನು ಇಂಥವನ ಮಗ" ಅಂತ ಕೇಳಿದ ತಕ್ಷಣ ಒಂದೇ ತಲೆಮಾರಿನ ಬಾಣ ಎಳೆಯಬಾರದು. ಖಚಿತ ಇಲ್ಲದ ಕಡೆ "ಪೂರ್ವಜ" ಅಂತ ಬರೆಯಿರಿ, ಅಂದರೆ ನಡುವೆ ಒಂದೋ ಎಷ್ಟೋ ತಲೆ ಇರಬಹುದು. ಚಿತ್ರದಲ್ಲಿ ಇದಕ್ಕೆ ಚುಕ್ಕೆಗೆರೆ ಬಳಸಿ.

ಹೆಜ್ಜೆ 3: ಗಂಡು ಎಳೆಯ ಮರ ಬೇರೆ ತೆಗೆಯಿರಿ

ಈಗ ಒಬ್ಬರು ಹೇಳಿದ ಸಾಲುಗಳನ್ನು ಮಾತ್ರ ಸೋಸಿ. ಅದರಲ್ಲಿ ತಂದೆ ಮತ್ತು ಪೂರ್ವಜ ಬಗೆಯ ಬಾಣಗಳನ್ನಷ್ಟೇ ಉಳಿಸಿ. ಸಿಗುವುದು ಒಂದು ಮರ, ಅಥವಾ ಬಿಡಿಬಿಡಿ ಮರಗಳ ಒಂದು ತೋಪು. ಎರಡು ಪರೀಕ್ಷೆ ಮಾಡಿ.

ಒಂದು, ಯಾವ ಬಿಂದುವಿಗೂ ಮೇಲಿನಿಂದ ಒಂದಕ್ಕಿಂತ ಜಾಸ್ತಿ ಬಾಣ ಬರಬಾರದು. ಸ್ಪ್ರೆಡ್‌ಶೀಟ್‌ನಲ್ಲಿ "ಯಾರಿಗೆ" ಕಾಲಂನಲ್ಲಿ ಒಂದು ಸಂಖ್ಯೆ ಎರಡು ಸಲ ಬಂದಿದೆಯೇ ಅಂತ ನೋಡಿದರೆ ಸಾಕು. ಎರಡು, ಸುತ್ತು ಇರಬಾರದು. ಯಾರೂ ತನ್ನದೇ ಪೂರ್ವಜ ಆಗುವಂತಿಲ್ಲ. ಇದಕ್ಕೆ ಟೊಪಲಾಜಿಕಲ್ ಸಾರ್ಟ್ ಎಂಬ ಹಳೆಯ ವಿಧಾನ ಇದೆ: ಮೇಲಿನಿಂದ ಬಾಣ ಬರದ ಬಿಂದುವನ್ನು ತೆಗೆದುಹಾಕಿ, ಮತ್ತೆ ಅಂಥದ್ದನ್ನು ಹುಡುಕಿ, ಮತ್ತೆ ತೆಗೆಯಿರಿ. ಎಲ್ಲ ಖಾಲಿಯಾದರೆ ಸುತ್ತು ಇಲ್ಲ. ಏನಾದರೂ ಉಳಿದರೆ ಸುತ್ತು ಅಲ್ಲೇ ಎಲ್ಲೋ ಇದೆ. ಹೀಗೆ ಸಿಗುವ ಸುತ್ತುಗಳಿಗೆ ಸಾಮಾನ್ಯವಾಗಿ ಕಾರಣ ಒಂದೇ, ಒಂದೇ ಹೆಸರಿನ ಇಬ್ಬರನ್ನು ಒಂದೇ ಬಿಂದು ಮಾಡಿರುತ್ತೇವೆ.

ಹೆಣ್ಣಿನ ಮೂಲಕ ಸೇರಿದ ಕವಲುಗಳೂ ಸಿಗುತ್ತವೆ. ಮಗಳ ಮಗನೊಬ್ಬ ತಾಯಿಯ ತವರಿನಲ್ಲೇ ನೆಲೆ ನಿಂತ. ಅವನ ಸಂತತಿ ಅಲ್ಲೇ ಬೆಳೆಯಿತು. ಕಾಲ ಕಳೆದಂತೆ ಅದೂ ಆ ವಂಶದ ಒಂದು ಕವಲಿನ ಹಾಗೆ ನಡೆದುಕೊಳ್ಳುತ್ತದೆ. ಈ ಬಾಣವನ್ನು ಬಿಡಬೇಡಿ, ಆದರೆ "ಹೆಣ್ಣುಕೊಂಡಿ" ಅಂತ ಗುರುತು ಹಾಕಿ. ಮುಂದೆ ಜಗಳ ಬಂದಾಗ ಎದುರಿನವರು ಕೆದಕುವುದು ಇದನ್ನೇ.

ಹೆಜ್ಜೆ 4: ಕೂಡುಬಿಂದು ಹುಡುಕಿ

ಎರಡು ಬಿಂದುಗಳಿಂದ ಮೇಲಕ್ಕೆ ಹತ್ತುತ್ತಾ ಹೋದರೆ ಮೊದಲು ಒಂದಾಗುವ ಜಾಗವೇ ಕೂಡುಬಿಂದು. ಗ್ರಾಫ್ ಪುಸ್ತಕಗಳಲ್ಲಿ ಇದನ್ನು ಎಲ್‌ಸಿಎ (ಲೋಯೆಸ್ಟ್ ಕಾಮನ್ ಆನ್ಸೆಸ್ಟರ್) ಅನ್ನುತ್ತಾರೆ. ಟಿವ್ ರಾಜಕೀಯದ ಪೂರಾ ಯಂತ್ರ ಈ ಒಂದು ಬಿಂದುವಿನ ಮೇಲೆ ತಿರುಗುತ್ತದೆ.

ಒಂದು ಚಿಕ್ಕ ಮರ ತೆಗೆದುಕೊಳ್ಳೋಣ. ಮೇಲೆ ಕ. ಅವನ ಮಕ್ಕಳು ಚ ಮತ್ತು ಟ. ಚನ ಮಕ್ಕಳು ತ, ಪ. ಟನ ಮಕ್ಕಳು ಯ, ಲ. ಇವತ್ತು ನೆಲದ ಮೇಲಿರುವುದು ತ, ಪ, ಯ, ಲ ಎಂಬ ನಾಲ್ಕು ವಂಶ.

ತ ಮತ್ತು ಪ ನಡುವೆ ಜಗಳ ಬಂತು. ಕೂಡುಬಿಂದು ಚ. ಯ, ಲ ದೂರ ನಿಲ್ಲುತ್ತಾರೆ, ಅದು ಚನ ಮನೆಯ ಒಳಜಗಳ. ಈಗ ತ ಮತ್ತು ಯ ನಡುವೆ ಜಗಳ ಬಂತು. ಕೂಡುಬಿಂದು ಕ. ನಿನ್ನೆ ಎದುರಾಳಿ ಆಗಿದ್ದ ಪ ಇವತ್ತು ತನ ಪಕ್ಕ ನಿಲ್ಲುತ್ತಾನೆ. ಲ ಹೋಗಿ ಯನ ಪಕ್ಕ ಸೇರುತ್ತಾನೆ. ಕನಿಗೂ ಹೊರಗಿನವನು ಬಂದರೆ ನಾಲ್ವರೂ ಒಂದು.

ಇದನ್ನು ನಿಯಮವಾಗಿ ಬರೆಯುವುದು ಸುಲಭ. ಇಬ್ಬರ ಕೂಡುಬಿಂದು ಹುಡುಕಿ. ಅಲ್ಲಿಂದ ಇಬ್ಬರ ಕಡೆಗೂ ಒಂದೊಂದು ಮೆಟ್ಟಿಲು ಕೆಳಗಿಳಿಯಿರಿ. ಆ ಎರಡು ಬಿಂದುಗಳ ಕೆಳಗಿರುವವರೆಲ್ಲ ಎರಡು ಪಕ್ಷ. ಉಳಿದವರು ಹೊರಗೆ. ನೆಟ್‌ವರ್ಕ್‌ಎಕ್ಸ್‌ನಲ್ಲಿ ಕೂಡುಬಿಂದುವಿಗೂ, ಒಂದು ಬಿಂದುವಿನ ಕೆಳಗಿನವರ ಪಟ್ಟಿಗೂ ಸಿದ್ಧ ಫಂಕ್ಷನ್‌ಗಳಿವೆ. ಕೋಡ್ ಹತ್ತು ಸಾಲೂ ಆಗುವುದಿಲ್ಲ.

ಒಂದು ಎಚ್ಚರ. ತಲೆಮಾರು ಎಣಿಸಿ "ಇವರಿಬ್ಬರ ದೂರ ಆರು" ಅಂತ ಅಂಕಿ ಕೊಡಬೇಡಿ. ಒಂದು ಕವಲಿನಲ್ಲಿ ಹದಿನಾಲ್ಕು ತಲೆ, ಇನ್ನೊಂದರಲ್ಲಿ ಹದಿನೇಳು ಇರಬಹುದು. ಹಾಗಿದ್ದೂ ಅವು ಸಮಾನ ಅಂತಲೇ ನಡೆಯುತ್ತದೆ. ಮುಖ್ಯವಾಗುವುದು ಯಾವ ಬಿಂದುವಿನಲ್ಲಿ ಕೂಡುತ್ತಾರೆ ಅನ್ನುವುದು, ಎಷ್ಟು ಮೆಟ್ಟಿಲು ಹತ್ತಿದರು ಅನ್ನುವುದಲ್ಲ.

ಈ ನಿಯಮ ಜನ ಏನು ಮಾಡಬೇಕು ಅಂತ ಒಪ್ಪಿದ್ದಾರೋ ಅದನ್ನು ಹೇಳುತ್ತದೆ. ನಿಜವಾದ ಜಗಳದ ದಿನ ಯಾರು ಬಂದರು ಅನ್ನುವುದು ಬೇರೆ. ಸಾಲ, ಸ್ನೇಹ, ಹೊಟ್ಟೆಕಿಚ್ಚು ಯಾವುದಕ್ಕೂ ಈ ಮರದಲ್ಲಿ ಬಾಣ ಇಲ್ಲ. ವಂಶದ ಮಾದರಿಯನ್ನು ಮಾನವಶಾಸ್ತ್ರಜ್ಞರು ಅತಿಯಾಗಿ ನಂಬಿದರು ಎಂಬ ಟೀಕೆ ಹಳೆಯದು, ನನಗೆ ಅದರಲ್ಲಿ ಹುರುಳಿದೆ ಅನ್ನಿಸುತ್ತದೆ.

ಹೆಜ್ಜೆ 5: ಮೂವರ ಪರೀಕ್ಷೆ

ಮರಕ್ಕೆ ಒಂದು ಚಂದದ ಗುಣ ಇದೆ. ಯಾವ ಮೂರು ಬಿಂದು ತೆಗೆದುಕೊಂಡರೂ ಅವುಗಳ ಮೂರು ಜೋಡಿಗಳ ಕೂಡುಬಿಂದುಗಳಲ್ಲಿ ಕನಿಷ್ಠ ಎರಡು ಒಂದೇ ಆಗಿರಲೇಬೇಕು. ತ–ಪ ಕೂಡುವುದು ಚನಲ್ಲಿ, ತ–ಯ ಕನಲ್ಲಿ, ಪ–ಯ ಸಹ ಕನಲ್ಲೇ. ಗಣಿತದವರು ಇದಕ್ಕೆ ಅಲ್ಟ್ರಾಮೆಟ್ರಿಕ್ ಗುಣ ಅಂತ ಹೆಸರಿಟ್ಟಿದ್ದಾರೆ.

ಉಪಯೋಗ ಏನು? ಇಡೀ ವಂಶಾವಳಿ ಹೇಳಿ ಅಂತ ಹಿರಿಯರನ್ನು ಕೂರಿಸುವುದು ಕಷ್ಟ. ಆದರೆ "ನಿಮಗೂ ಅವರಿಗೂ ಎಲ್ಲಿ ಕೂಡುತ್ತದೆ?" ಅಂತ ಕೇಳಿದರೆ ಥಟ್ ಅಂತ ಉತ್ತರ ಬರುತ್ತದೆ. ಆ ಜೋಡಿ ಉತ್ತರಗಳನ್ನು ಕೂಡಿಸಿ. ಯಾರೋ ತ–ಪ ಚನಲ್ಲಿ, ತ–ಯ ಕನಲ್ಲಿ, ಪ–ಯ ಟನಲ್ಲಿ ಕೂಡುತ್ತಾರೆ ಅಂದರು ಅನ್ನಿ. ಮೂರೂ ಬೇರೆ. ಮರದಲ್ಲಿ ಇದು ಸಾಧ್ಯವೇ ಇಲ್ಲ.

ಆಗ "ತಪ್ಪು" ಅಂತ ಕೆಂಪು ಬಣ್ಣ ಬಳಿಯುವ ಬದಲು ಮತ್ತೆ ಕೇಳಿ. ಪನ ತಾಯಿ ಟನ ಕಡೆಯವಳಾಗಿದ್ದರೆ ಹೇಳಿದವರು ಪ–ಯ ಜೋಡಿಗೆ ಇಗ್ಬಾ ದಾರಿ ಹಿಡಿದಿರಬಹುದು. ಅಥವಾ ಪ ಎಲ್ಲಿ ಸೇರಬೇಕು ಅನ್ನುವುದೇ ಊರಿನ ಜಗಳವಾಗಿರಬಹುದು. ಪರೀಕ್ಷೆ ಫೇಲ್ ಆದ ಜಾಗದಲ್ಲೇ ಕಥೆ ಇರುತ್ತದೆ.

ಹೆಜ್ಜೆ 6: ಎರಡು ಆವೃತ್ತಿ ಹೋಲಿಸುವುದು

ಹಿರಿಯ–1 ಹೇಳಿದ ಮರ, ಹಿರಿಯ–2 ಹೇಳಿದ ಮರ, ಹಳೆಯ ಪಟ್ಟಿಯ ಮರ ಮೂರೂ ಈಗ ಬೇರೆಬೇರೆ ಹಾಳೆಯಲ್ಲಿವೆ. ಎಷ್ಟು ವ್ಯತ್ಯಾಸ ಇದೆ? ಬಾಣ ಎಣಿಸಿದರೆ ದಾರಿ ತಪ್ಪುತ್ತೀರಿ. ಬಾಯಿಮಾತಿನ ವಂಶಾವಳಿಗಳಲ್ಲಿ ತುದಿಯ ಮೂಲಪುರುಷರೂ ಬುಡದ ಮೂರ್ನಾಲ್ಕು ತಲೆಮಾರೂ ಗಟ್ಟಿಯಾಗಿ ನಿಲ್ಲುತ್ತವೆ. ನಡುವಿನ ಹೆಸರುಗಳು ಜಾರುತ್ತವೆ. ಒಬ್ಬರು ಒಂದು ತಲೆ ಹೆಚ್ಚು ಹೇಳುತ್ತಾರೆ, ಇನ್ನೊಬ್ಬರು ಎರಡನ್ನು ನುಂಗುತ್ತಾರೆ.

ಬದಲಿಗೆ ಹೀಗೆ ಮಾಡಿ. ಪ್ರತಿ ಒಳಬಿಂದುವಿಗೂ (ಅಂದರೆ ಮಕ್ಕಳಿರುವ ಬಿಂದುವಿಗೂ) ಅದರ ಕೆಳಗೆ ಇವತ್ತು ಇರುವ ವಂಶಗಳ ಗುಂಪನ್ನು ಬರೆಯಿರಿ. ಮೊದಲ ಮರದಲ್ಲಿ ಚಗೆ (ತ, ಪ), ಟಗೆ (ಯ, ಲ), ಕಗೆ (ತ, ಪ, ಯ, ಲ). ಇನ್ನೊಬ್ಬರು ಕ ಮತ್ತು ಚ ನಡುವೆ ಜ ಎಂಬ ಇನ್ನೊಂದು ಹೆಸರು ಹೇಳಿದರು. ಜ ಎಂಬವನ ಗುಂಪೂ (ತ, ಪ). ಹೊಸ ಗುಂಪು ಏನೂ ಹುಟ್ಟಲಿಲ್ಲ. ಅಂದರೆ ಜ ಇದ್ದರೂ ಇಲ್ಲದಿದ್ದರೂ ಯಾರು ಯಾರ ಪಕ್ಕ ಅನ್ನುವುದರಲ್ಲಿ ಏನೂ ಬದಲಾಗದು. ಒಂದೇ ಮಗು ಇರುವ ಪೂರ್ವಜರು ಮರೆತುಹೋಗುವುದು ಯಾಕೆ ಅಂತ ಇಲ್ಲೇ ಕಾಣುತ್ತದೆ. ಅವರಿಂದ ಯಾವ ಕವಲೂ ಒಡೆದಿಲ್ಲ, ಅವರ ಹೆಸರು ಎತ್ತುವ ಸಂದರ್ಭವೇ ಬರುವುದಿಲ್ಲ.

ಮೂರನೆಯವರು ಪ ಚನ ಮಗ ಅಲ್ಲ, ಟನ ಮಗ ಅಂದರು. ಈಗ ಟಗೆ (ಪ, ಯ, ಲ). ಮೊದಲ ಮರದ (ತ, ಪ) ಹೋಯಿತು, (ಯ, ಲ) ಹೋಯಿತು, (ಪ, ಯ, ಲ) ಬಂತು. ವ್ಯತ್ಯಾಸ ಮೂರು. ಬದಲಾದದ್ದು ಒಂದೇ ಬಾಣ, ಆದರೆ ಪಕ್ಷಗಳ ನಕ್ಷೆಯೇ ಬೇರೆಯಾಗಿದೆ. ಈ ಅಳತೆಗೆ ರಾಬಿನ್ಸನ್–ಫೌಲ್ಡ್ಸ್ ದೂರ ಅಂತ ಹೆಸರು. ಜೀವಿಗಳ ವಿಕಾಸದ ಮರಗಳನ್ನು ಹೋಲಿಸಲು 1981ರಲ್ಲಿ ಬಂದದ್ದು. ವಂಶಾವಳಿಗೂ ಇದು ಚೆನ್ನಾಗಿ ಒಗ್ಗುತ್ತದೆ. ಹೆಸರು ಜಾರಿದ್ದಕ್ಕೂ ಕವಲು ಜಿಗಿದದ್ದಕ್ಕೂ ಇರುವ ವ್ಯತ್ಯಾಸವನ್ನು ಅಂಕಿಯಲ್ಲೇ ತೋರಿಸುತ್ತದೆ.

ಹೆಜ್ಜೆ 7: ಮರವನ್ನು ನೆಲದ ಮೇಲೆ ಹಾಸಿ

ಟಿವ್ ವ್ಯವಸ್ಥೆಯ ವಿಶೇಷ ಅಂದರೆ ವಂಶದ ಹತ್ತಿರವೂ ನೆಲದ ಹತ್ತಿರವೂ ಕೈಹಿಡಿದು ನಡೆಯುತ್ತವೆ. ಅಣ್ಣತಮ್ಮಂದಿರ ವಂಶಗಳ ತಾರ್‌ಗಳು ಅಕ್ಕಪಕ್ಕ. ಎರಡೂ ಸೇರಿ ಮೇಲಿನವನ ತಾರ್. ಇದನ್ನು ಪರೀಕ್ಷಿಸಲು ಇನ್ನೊಂದು ಗ್ರಾಫ್ ಮಾಡಿ. ಬಿಂದುಗಳು ತಾರ್‌ಗಳು, ಗಡಿ ಹಂಚಿಕೊಂಡವುಗಳ ನಡುವೆ ಗೆರೆ. ದಿಕ್ಕು ಬೇಡ.

ಆಮೇಲೆ ಮರದ ಪ್ರತಿ ಒಳಬಿಂದುವಿನ ಗುಂಪನ್ನು ಗಡಿಯ ಗ್ರಾಫ್‌ನಲ್ಲಿ ನೋಡಿ. ಆ ಗುಂಪಿನೊಳಗೇ ಒಂದರಿಂದ ಇನ್ನೊಂದಕ್ಕೆ ಹೊರಗೆ ಕಾಲಿಡದೆ ಹೋಗಬಹುದೇ? ಹೋಗಬಹುದಾದರೆ ಮರ ನೆಲಕ್ಕೆ ಹೊಂದಿದೆ. ತ–ಪ–ಯ–ಲ ಅಂತ ಸಾಲಾಗಿ ಕೂತಿದ್ದರೆ ಎಲ್ಲ ಸರಿ. ಪ ಎದ್ದು ಹೋಗಿ ಲನ ಆಚೆ ಕೂತಿದ್ದರೆ ತನಿಂದ ಪನಿಗೆ ಹೋಗಲು ಯ, ಲ ದಾಟಬೇಕು. ಚನ ಗುಂಪು ಒಡೆದಿದೆ.

ಒಡೆದ ಗುಂಪುಗಳ ಪಟ್ಟಿಯನ್ನು ಹೆಜ್ಜೆ 6ರ ಪಟ್ಟಿಯ ಪಕ್ಕ ಇಟ್ಟು ನೋಡಿ. ವಂಶಾವಳಿ ಇವತ್ತಿನ ಸಂಬಂಧಗಳ ಸನದು ಅನ್ನುವುದು ನಿಜವಾದರೆ, ಮುಂದಿನ ತಲೆಮಾರಿನ ಯಾವುದಾದರೂ ಆವೃತ್ತಿಯಲ್ಲಿ ಪ ಟನ ಮಗನಾಗಿ ಕಾಣಿಸಿಕೊಳ್ಳಬೇಕು. ಎರಡು ಕಾಲದ ದಾಖಲೆ ನಿಮ್ಮ ಬಳಿ ಇದ್ದರೆ ಇದನ್ನು ನಿಜವಾಗಿಯೂ ಪರೀಕ್ಷಿಸಬಹುದು. ಈ ಇಡೀ ಕೆಲಸದಲ್ಲಿ ನನಗೆ ಅತಿ ಕುತೂಹಲ ಇರುವ ಪ್ರಶ್ನೆ ಇದೇ.

ಟಿವ್ ಹೇಗೆ ಹರಡಿದರು ಅನ್ನುವುದಕ್ಕೂ ಈ ಜೋಡಿ ಗ್ರಾಫ್ ಬೆಳಕು ಚೆಲ್ಲುತ್ತದೆ. ನೆಲ ಸಾಲದಾದಾಗ ಒಳಗಿನ ವಂಶ ಪಕ್ಕದ ಅಣ್ಣತಮ್ಮಂದಿರನ್ನು ಒತ್ತುತ್ತದೆ, ಅವರು ತಮ್ಮ ಪಕ್ಕದವರನ್ನು ಒತ್ತುತ್ತಾರೆ. ಕೊನೆಗೆ ಗಡಿಯಲ್ಲಿರುವವರು ಟಿವ್ ಅಲ್ಲದವರ ನೆಲಕ್ಕೆ ಕಾಲಿಡುತ್ತಾರೆ, ಆಗ ಹಿಂದಿನವರೆಲ್ಲ ಒಟ್ಟಾಗಿ ಬೆನ್ನಿಗೆ ನಿಲ್ಲುತ್ತಾರೆ. 1961ರಲ್ಲಿ ಮಾನವಶಾಸ್ತ್ರಜ್ಞ ಮಾರ್ಷಲ್ ಸಾಲಿನ್ಸ್ ಈ ಯಂತ್ರದ ಬಗ್ಗೆ ಹೆಸರಾದ ಲೇಖನವೊಂದನ್ನು ಬರೆದರು. ಬ್ರಿಟಿಷರು 1912ರಲ್ಲಿ ದಕ್ಷಿಣ ಗಡಿಯಲ್ಲಿ ಟಿವ್ ಜನರನ್ನು ತಡೆಯಲು ಒಂದು ಗೋಡೆಯನ್ನೇ ಕಟ್ಟಿಸಿದ್ದರು. ಆಗ ಹೊರಗಿನವರು ಟಿವ್‌ರನ್ನು ಮುನ್ಶಿ ಅನ್ನುತ್ತಿದ್ದರಿಂದ ಅದು ಮುನ್ಶಿ ಗೋಡೆ. ಜನ ಅದನ್ನು ಹತ್ತಿ ಆಚೆ ಹೋದರು.

ಗಡಿಯ ಗ್ರಾಫ್‌ಗೂ ವರ್ಷ ಹಾಕಲೇಬೇಕು. ಈಚಿನ ವರ್ಷಗಳಲ್ಲಿ ಬೆನ್ಯೂ ರಾಜ್ಯದಲ್ಲಿ ರೈತರು ಮತ್ತು ದನಗಾಹಿಗಳ ನಡುವಿನ ಹಿಂಸೆಯಿಂದ ಅಪಾರ ಜನ ಊರು ಬಿಟ್ಟು ಶಿಬಿರಗಳಲ್ಲಿದ್ದಾರೆ. 1950ರ ನಕ್ಷೆಯನ್ನು ಇವತ್ತಿನದು ಅಂತ ಓದಿದರೆ ಎಲ್ಲ ತಲೆಕೆಳಗು.

ಹೆಜ್ಜೆ 8: ತಾಯಂದಿರನ್ನು ಸೇರಿಸಿ

ಇಲ್ಲಿಯವರೆಗೆ ಅರ್ಧ ಜನರನ್ನು ಹೊರಗಿಟ್ಟಿದ್ದೆವು. ತಾಯಿಯ ಬಾಣ ಸೇರಿಸಿದ ಕೂಡಲೇ ಮರ ಮರವಾಗಿ ಉಳಿಯುವುದಿಲ್ಲ. ಪ್ರತಿ ಬಿಂದುವಿಗೂ ಮೇಲಿನಿಂದ ಎರಡು ಬಾಣ, ಆದರೆ ಸುತ್ತು ಇನ್ನೂ ಇಲ್ಲ. ಇಂಥ ದಿಕ್ಕಿರುವ, ಸುತ್ತಿಲ್ಲದ ಗ್ರಾಫನ್ನು ಡ್ಯಾಗ್ ಅನ್ನುತ್ತಾರೆ. ಇಗ್ಬಾ ಹುಡುಕುವುದು ಈಗ ಎರಡು ಹೆಜ್ಜೆಯ ಆಟ: ಒಮ್ಮೆ ತಾಯಿಯ ಬಾಣ ಹತ್ತಿ, ಆಮೇಲೆ ತಂದೆಯ ಬಾಣಗಳನ್ನಷ್ಟೇ ಹತ್ತುತ್ತಾ ಹೋಗಿ.

ಒಬ್ಬನೇ ತಂದೆಗೆ ಹಲವು ಹೆಂಡಿರು ಇದ್ದ ಸಮಾಜ ಇದು. ಒಂದೇ ತಾಯಿಯ ಮಕ್ಕಳಿಗೂ ಬೇರೆ ತಾಯಿಯ ಮಕ್ಕಳಿಗೂ ಇರುವ ಸಣ್ಣ ಬಿರುಕೇ ಎಷ್ಟೋ ಸಲ ಮುಂದೆ ಕವಲಾಗುತ್ತದೆ. ಒಬ್ಬ ತಂದೆಗೆ ಐದು ಗಂಡುಮಕ್ಕಳಿದ್ದು ಕವಲು ಮಾತ್ರ ಎರಡೇ ಇದ್ದರೆ, ತಾಯಂದಿರು ಎಷ್ಟು ಅಂತ ನೋಡಿ.

ಮದುವೆ ಆಗಬಹುದೇ ಅನ್ನುವ ಪ್ರಶ್ನೆಗೆ ಇಬ್ಬರ ಇತ್ಯೊ, ಇಗ್ಬಾಗಳ ಪಟ್ಟಿ ಮಾಡಿ, ಪಟ್ಟಿಗಳಲ್ಲಿ ಸಮಾನ ಬಿಂದು ಇದೆಯೇ ನೋಡಬೇಕು. ಮೂಲಪುರುಷ ಟಿವ್‌ವರೆಗೆ ಹತ್ತಿದರೆ ಎಲ್ಲರೂ ಸಮಾನರೇ. ಹಾಗಾಗಿ ಎಲ್ಲಿಗೆ ನಿಲ್ಲಿಸಬೇಕು ಅನ್ನುವ ಮಿತಿಬಿಂದುವನ್ನು ಆಯಾ ಊರಿನವರೇ ಹೇಳಬೇಕು, ನೀವು ಊಹಿಸಬೇಡಿ.

ಹಳೆಯ ಮದುವೆಗಳನ್ನು ದಾಖಲಿಸುತ್ತಿದ್ದರೆ ಇನ್ನೊಂದು ಗ್ರಾಫ್ ಮಾಡುವುದು ಒಳ್ಳೆಯದು. ಅದರಲ್ಲಿ ಬಿಂದುಗಳು ವಂಶಗಳು, ಒಬ್ಬ ಹೆಣ್ಣು ಯಾವ ವಂಶದಿಂದ ಯಾವ ವಂಶಕ್ಕೆ ಹೋದಳು ಅನ್ನುವುದು ಬಾಣ. ಟಿವ್ ಜನರಲ್ಲಿ ಯಾಮ್ಶೆ ಅನ್ನುವ ವಿನಿಮಯ ಮದುವೆ ಇತ್ತು. ನಿನ್ನ ಕಡೆಯ ಹೆಣ್ಣು ನಮಗೆ, ನಮ್ಮ ಕಡೆಯ ಹೆಣ್ಣು ನಿಮಗೆ. ಗ್ರಾಫ್‌ನಲ್ಲಿ ಹೋಗುವ ಬಾಣಕ್ಕೆ ಬರುವ ಬಾಣ ಇರಬೇಕು. ತಕ್ಷಣ ಕೊಡಲು ಹೆಣ್ಣಿಲ್ಲದಿದ್ದರೆ ಬಾಕಿ ಮುಂದಿನ ತಲೆಗೆ ಹೋಗುತ್ತಿತ್ತು. ಪ್ರತಿ ಜೋಡಿ ವಂಶಕ್ಕೂ ಹೋದದ್ದು ಬಂದದ್ದು ಕಳೆದರೆ ಬಾಕಿಯ ಲೆಕ್ಕ ಸಿಗುತ್ತದೆ.

1927ರಲ್ಲಿ ಬ್ರಿಟಿಷ್ ಆಡಳಿತ ಯಾಮ್ಶೆಯನ್ನು ನಿಷೇಧಿಸಿತು. ಕೆಮ್, ಅಂದರೆ ತೆರ ಕೊಟ್ಟು ಆಗುವ ಮದುವೆ, ಮುಖ್ಯವಾಯಿತು. ಬಾಣಗಳು ಜೋಡಿ ಬಿಟ್ಟು ಒಂಟಿಯಾದವು. ಹಾಗಾಗಿ 1927ರ ಎರಡೂ ಬದಿಯ ಮದುವೆಗಳನ್ನು ಒಂದೇ ಲೆಕ್ಕಕ್ಕೆ ಹಾಕಬೇಡಿ. ಇನ್ನೊಂದು ವಿಷಯ. ಹಳೆಯ ಕೆಮ್ ಪದ್ಧತಿಯಲ್ಲಿ ಹೆಂಡತಿಗಾಗಿ ಕೊಟ್ಟ ತೆರ ಬೇರೆ, ಮಕ್ಕಳು ತಂದೆಯ ವಂಶಕ್ಕೆ ಸೇರಲು ಕೊಡಬೇಕಾದದ್ದು ಬೇರೆ. ಹೆತ್ತ ತಂದೆಯೇ ವಂಶದ ತಂದೆ ಅಂತ ಕಣ್ಣುಮುಚ್ಚಿ ಬರೆಯಬಾರದು. "ಹೆತ್ತವನು" ಮತ್ತು "ವಂಶಕ್ಕೆ ಸೇರಿಸಿಕೊಂಡವನು" ಅಂತ ಎರಡು ಬಗೆಯ ಬಾಣ ಇಡಿ. ಹೆಜ್ಜೆ 3ರಿಂದ 6ರವರೆಗೆ ಎಲ್ಲದಕ್ಕೂ ಎರಡನೆಯದನ್ನೇ ಬಳಸಿ.

ಚಿತ್ರ, ಸಾಫ್ಟ್‌ವೇರ್, ಗುಟ್ಟು

ಚಿತ್ರ ಬಿಡಿಸಲು ಗೆಫಿ ಎಂಬ ಸಾಫ್ಟ್‌ವೇರ್‌ನಲ್ಲಿ ಎಲ್ಲ ಬಿಂದುಗಳೂ ಒಂದನ್ನೊಂದು ತಳ್ಳಿಕೊಂಡು ಜೇಡರ ಬಲೆಯಂತೆ ಹರಡುವ ವಿನ್ಯಾಸ ಸಿಗುತ್ತದೆ. ನೋಡಲು ಚಂದ, ಇಲ್ಲಿ ಪ್ರಯೋಜನ ಇಲ್ಲ. ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ವಿನ್ಯಾಸ ಆರಿಸಿ, ಕೆಳಗಿನ ಸಾಲನ್ನು ನೆಲದ ಮೇಲೆ ವಂಶಗಳು ಕೂತ ಕ್ರಮದಲ್ಲೇ ಜೋಡಿಸಿ. ಮರ ನೆಲಕ್ಕೆ ಹೊಂದದ ಕಡೆ ಗೆರೆಗಳು ಒಂದನ್ನೊಂದು ಕತ್ತರಿಸುವುದು ಬರಿಗಣ್ಣಿಗೇ ಕಾಣುತ್ತದೆ. ಮದುವೆಗಳೂ ಬೇಕಾದರೆ ಸ್ಲೊವೇನಿಯಾದಲ್ಲಿ ಹುಟ್ಟಿದ ಪಾಯೆಕ್ ಎಂಬ ಉಚಿತ ಸಾಫ್ಟ್‌ವೇರ್ ನೋಡಿ. ವಂಶಾವಳಿಯ ಜೆಡ್‌ಕಾಮ್ ಕಡತವನ್ನು ಅದು ನೇರ ಓದುತ್ತದೆ. ಮದುವೆಯನ್ನೇ ಬಿಂದುವಾಗಿಸುವ ಪಿ–ಗ್ರಾಫ್ ರೂಪವನ್ನೂ ಕೊಡುತ್ತದೆ. ಆದರೆ ಜೆಡ್‌ಕಾಮ್‌ನಲ್ಲಿ ಒಬ್ಬ ಮಗುವಿಗೆ ಪೈಪೋಟಿಯ ತಂದೆಯರನ್ನು ಬರೆಯುವುದು ಪೇಚಾಟ. ಮೂಲ ಪಟ್ಟಿ ಸ್ಪ್ರೆಡ್‌ಶೀಟ್‌ನಲ್ಲೇ ಇರಲಿ, ಒಂದೊಂದು ಆವೃತ್ತಿಯನ್ನು ಮಾತ್ರ ಜೆಡ್‌ಕಾಮ್‌ಗೆ ತೆಗೆಯಿರಿ.

ಬದುಕಿರುವವರ ಹೆಸರು ಹೊರಗೆ ಹೋಗುವ ಯಾವ ಚಿತ್ರದಲ್ಲೂ ಬೇಡ, ಸಂಖ್ಯೆ ಸಾಕು. ಹೆಣ್ಣುಕೊಂಡಿ ಎಂಬ ಗುರುತನ್ನೂ ಅಳಿಸಿ. "ಇವರು ಮಗಳ ಕಡೆಯಿಂದ ಬಂದವರು" ಅನ್ನುವ ಒಂದು ಸಾಲು ಜಮೀನಿನ ತಕರಾರಿನಲ್ಲಿ ಸಾಕ್ಷಿಯಾಗಿ ಎದ್ದುಬರಬಹುದು. ಹೇಳಿದವರಿಗೆ ಅವರು ಹೇಳಿದ ಆವೃತ್ತಿಯ ಚಿತ್ರವನ್ನು ಕೊಡಿ, ಇನ್ನೊಬ್ಬರದನ್ನು ಕೊಡಬೇಡಿ.

ಇದೇ ಪಟ್ಟಿ ತುಳುನಾಡಿನ ಬಂಟರ ಬಳಿಗಳಿಗೂ ಹೊಂದುತ್ತದೆ. ಅಲ್ಲಿ ಬಳಿ ತಾಯಿಯಿಂದ ಬರುತ್ತದೆ. ಹಾಗಾಗಿ ಹೆಜ್ಜೆ 3ರಲ್ಲಿ ತಂದೆಯ ಬಾಣದ ಬದಲು ತಾಯಿಯ ಬಾಣ ಸೋಸಬೇಕು. ನೆಲದ ಪರೀಕ್ಷೆ ಮಾತ್ರ ಅಲ್ಲಿ ನಡೆಯುವುದಿಲ್ಲ. ಒಂದು ಬಳಿಯ ಮನೆಗಳು ಒಂದೇ ಕಡೆ ಒತ್ತಾಗಿ ಕೂತಿಲ್ಲ, ಊರೂರಿಗೆ ಚೆದುರಿವೆ.